ವಿಧಿಯೋ, ಕರ್ತವ್ಯಲೋಪವೋ?

ದುರಂತವೊದಗಿದಾಗ ಎಲ್ಲವೂ ವಿಧಿಲಿಖಿತವೆಂದು ಸಮಾಧಾನ ತಂದುಕೊಳ್ಳುವುದು ಮನುಷ್ಯಸಹಜವಷ್ಟೆ. ದುಃಖಿತನ ಬಾಯಲ್ಲಿ ಈ ಮಾತು ಭಕ್ತಿಯಾದೀತು. ಹೊಣೆಗಾರನ ಬಾಯಲ್ಲಿ ಅದು ಕೇವಲ ಪಲಾಯನ.

1985ರ ಆಗಸ್ಟ್ 12ರ ಸಂಜೆ ಟೋಕಿಯೋದಿಂದ ಒಸಾಕಾ ನಗರಕ್ಕೆ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನವು ಗುನ್ಮಾ ಪ್ರಾಂತ್ಯದ ಪರ್ವತಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 524 ಮಂದಿಯಲ್ಲಿ ಉಳಿದವರು ನಾಲ್ವರೇ. ಪಿತೃಸ್ಮರಣೆಯ ಓಬೋನ್ ಹಬ್ಬಕ್ಕೆಂದು ಊರಿಗೆ ಹೊರಟಿದ್ದವರು ಅನೇಕರು. ಹಿಡಿತ ತಪ್ಪಿದ ವಿಮಾನವು ಅರ್ಧ ಗಂಟೆ ಆಕಾಶದಲ್ಲಿ ತೊಳಲುತ್ತಿದ್ದಾಗ ಕೆಲವರು ತಮ್ಮವರಿಗೆ ಕಡೆಯ ಮಾತುಗಳನ್ನು ಬರೆದಿಟ್ಟರು.

ಈ ದುರಂತದ ಬೀಜ ಬಿದ್ದುದು ಏಳು ವರ್ಷ ಹಿಂದೆ. 1978ರಲ್ಲಿ ಅದೇ ವಿಮಾನದ ಬಾಲವು ನೆಲಕ್ಕೆ ತಾಗಿ ಜಖಂಗೊಂಡಿತ್ತು. ಗಾಳಿಯ ಒತ್ತಡವನ್ನು ತಡೆಹಿಡಿಯುವ ಹಿಂಬದಿಯ ಗೋಡೆಯನ್ನು ದುರಸ್ತಿ ಮಾಡಿದವರು, ಎರಡು ಸಾಲು ರಿವೆಟ್ಟುಗಳು ಹೊರಬೇಕಾದ ಭಾರವನ್ನು ಒಂದೇ ಸಾಲು ಹೊರುವಂತೆ ತಗಡನ್ನು ಜೋಡಿಸಿದ್ದರು. ಸಾವಿರಾರು ಹಾರಾಟಗಳಲ್ಲಿ ಬಿರುಕು ಬೆಳೆದು, ಕೊನೆಗೆ ಗೋಡೆ ಒಡೆಯಿತು.

ಫಲವು ದೈವಾಧೀನವೆನ್ನುವವನು ಕರ್ಮವು ತನ್ನ ಅಧೀನವೆಂಬುದನ್ನು ಮರೆಯಲಾಗದು. ಆಯುಧಪೂಜೆಯಂದು ಉಪಕರಣಗಳಿಗೆ ಕುಂಕುಮವಿಡುವ ಕೈ, ಯಾರೂ ಕಾಣದೆಡೆಯಲ್ಲಿಯೂ ಅವುಗಳನ್ನು ಶ್ರದ್ಧೆಯಿಂದ ಬಳಸಿದರೆ ಮಾತ್ರ ಆ ಪೂಜೆ ಸಾರ್ಥಕ.