ಮಾತು ಬಲ್ಲವನ ಸಾಕ್ಷಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಈ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆಯದ ಕನ್ನಡಿಗರು ಕಡಿಮೆ. ಬರೆಯುವವರು ಹೆಚ್ಚಾಗಿ ಎರಡನೆಯ ಅರ್ಧದ ಬೆನ್ನು ಹತ್ತುತ್ತಾರೆ: ಮೆತ್ತಗೆ ಮಾತಾಡು, ಯಾರನ್ನೂ ನೋಯಿಸಬೇಡ, ಅಲ್ಲಿಗೆ ಮುಗಿಯಿತು. ಗಾದೆ ಮಾತನ್ನು ಊಟದ ಪಕ್ಕದಲ್ಲೇ ಕೂರಿಸಿದ್ದು ಯಾಕೆಂದು ಯಾರೂ ಕೇಳುವುದಿಲ್ಲ. ಊಟ ಬಲ್ಲವನು ಉಪವಾಸ ಕೂರುವವನಲ್ಲ, ಹಸಿವು ನೋಡಿ ಉಣ್ಣುವವನು. ಬಡಿಸುವಾಗಲೂ ಎದುರಿಗೆ ಕೂತವನ ಹಸಿವನ್ನೇ ನೋಡುತ್ತಾನೆ. ಹಾಗೆಯೇ ಮಾತು ಬಲ್ಲವನೆಂದರೆ ಬಾಯಿ ಮುಚ್ಚಿಕೊಂಡವನಲ್ಲ. ಕ್ರೈಸ್ತನೊಬ್ಬ ತನ್ನ ವಿಶ್ವಾಸದ ಬಗ್ಗೆ ನೆರೆಯವನೊಡನೆ ಮಾತಾಡುವ ಹೊತ್ತಿಗೆ ಈ ಗಾದೆಯಷ್ಟು ಉಪಯೋಗಕ್ಕೆ ಬರುವ ಬುದ್ಧಿಮಾತು ನನಗೆ ಬೇರೆ ಸಿಕ್ಕಿಲ್ಲ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸೊರಡಿಯಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮಳೆ ನಂಬಿದ ಒಣಬೇಸಾಯ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಈ ತಾಲೂಕಿನ ನಲವತ್ತು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಿಕೊಳ್ಳುವ ಮಾತೆತ್ತಿದಾಗ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಜತ್ತದ ಹೆಸರು ತುಂಬಿತ್ತು. ಅದರ ಹಿಂದಿದ್ದ ಕೂಗು ನೀರಿನದು. ಇದೇ ತಾಲೂಕಿನ ಗುಡ್ಡಾಪುರದಲ್ಲಿ ಶರಣೆ ದಾನಮ್ಮನ ಗುಡಿಯಿದೆ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಭಕ್ತರು ನಡೆದುಕೊಂಡೇ ಬರುತ್ತಾರೆ. ಇನ್ನೊಂದು ದಿಕ್ಕಿಗೆ ಪಂಢರಪುರ ದೂರವಿಲ್ಲ. ಭಕ್ತಿ ಎಂದರೇನೆಂದು ಈ ಸೀಮೆಯ ಜನರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಇಲ್ಲಿ ಯೇಸುವಿನ ಹೆಸರು ಹೇಳುವವನು ಮೊದಲು ತಿಳಿದಿರಬೇಕಾದದ್ದು ಇದನ್ನೇ.

ಇಂಥ ಊರಲ್ಲಿ ವಿಶ್ವಾಸದ ಮಾತು ವೇದಿಕೆಯ ಮೇಲೆ ನಡೆಯುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ, ಎಸ್‌ಟಿ ಬಸ್ಸಿನಲ್ಲಿ, ಗುಡಿಕಟ್ಟೆಯಲ್ಲಿ, ಸತ್ತವರ ಮನೆಯ ಮುಂದೆ ಕೂತಾಗ ಶುರುವಾಗುತ್ತದೆ. ಕೇಳುವವನು ಅಪರಿಚಿತನಲ್ಲ, ನಾವು ಚಿಕ್ಕಂದಿನಿಂದ ಕಾಕಾ, ಮಾಮಾ ಎಂದು ಕರೆದವನೇ. “ಅಲ್ಲೋ ತಮ್ಮಾ, ನಿಮ್ಮ ಅಜ್ಜ ನಡಕೊಂಡ ದೇವರನ್ನ ನೀ ಯಾಕ ಬಿಟ್ಟಿ?” ಎನ್ನುತ್ತಾನೆ. “ಎಷ್ಟು ರೊಕ್ಕ ಕೊಟ್ರು?” ಎಂದೂ ಕೇಳುತ್ತಾನೆ. “ಎಲ್ಲಾ ದೇವರೂ ಒಂದ ಅಲ್ಲೇನು? ಮತ್ತ ಬ್ಯಾರೆ ಯಾಕ?” ಎಂಬುದಂತೂ ತಪ್ಪಿದ್ದಲ್ಲ.

ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ, 15ನೆಯ ವಚನದಲ್ಲಿ, ಇದಕ್ಕೆ ನೇರವಾದ ಅಪ್ಪಣೆಯಿದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವ ಪ್ರತಿಯೊಬ್ಬರಿಗೂ ಉತ್ತರ ಹೇಳಲು ಸದಾ ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಎಂಬುದು ಅದರ ತಾತ್ಪರ್ಯ. ಅಧಿಕಾರವಿದ್ದವರಿಗೆ ಬರೆದ ಪತ್ರವಲ್ಲ ಇದು. ಪೊಂತ, ಗಲಾತ್ಯ, ಕಪ್ಪದೋಕ್ಯ ಮುಂತಾದ ಸೀಮೆಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದ್ದವರಿಗೆ, ಊರಿನವರ ಬೈಗುಳ ತಿನ್ನುತ್ತಿದ್ದವರಿಗೆ, ಅವರಲ್ಲೂ ಆಳುಗಳಿಗೆ, ಬೇರೆ ನಂಬಿಕೆಯ ಗಂಡನೊಡನೆ ಬಾಳುವ ಹೆಂಗಸರಿಗೆ ಬರೆದದ್ದು. ಇಂದಿಗೂ ಇದು ಸೊರಡಿಯ ವಿಳಾಸಕ್ಕೆ ನೇರವಾಗಿ ತಲುಪುವ ಪತ್ರ.

ಈ ವಚನದಲ್ಲಿ ಯಾರೋ ಮೊದಲು ಕೇಳಿದ್ದಾರೆ. ಹಸಿವು ಅವರದು. ಕೇಳಿದ್ದು ನಿರೀಕ್ಷೆಯ ಬಗ್ಗೆ, ಬೇರೆಯವರ ದೇವರಲ್ಲಿ ಏನು ಕೊರತೆ ಎಂಬ ಬಗ್ಗೆ ಅಲ್ಲ. ನಮ್ಮಲ್ಲಿ ಅನೇಕರು ಎಡವುವುದು ಇಲ್ಲೇ. ನಿನಗೆ ಏನು ಸಿಕ್ಕಿತು ಎಂದು ಕೇಳಿದವನಿಗೆ ನಿನ್ನಲ್ಲಿ ಏನಿಲ್ಲ ಎಂದು ಹೇಳತೊಡಗುತ್ತೇವೆ. ನೆರೆಯವನ ದೇವರನ್ನು ಹಳಿಯುವುದು, ಅವನ ತಾಯಿ ಹಚ್ಚಿದ ದೀಪವನ್ನು ಕತ್ತಲೆ ಎನ್ನುವುದು ಸಾಕ್ಷಿಯಲ್ಲ, ಅದು ಪಾಪ. ಧೈರ್ಯ ಎಂದು ಅದನ್ನು ಹೊಗಳುವ ಬೋಧಕರ ಮಾತನ್ನು ನಾನು ಒಪ್ಪಲಾರೆ.

ಹಾಗೆಂದು ಸುಮ್ಮನಿರುವುದೂ ಸರಿಯಲ್ಲ. ಕೇಳಿದಾಗ ತಲೆ ತಗ್ಗಿಸಿ, “ಏನಿಲ್ಲ ಕಾಕಾ, ಎಲ್ಲಾ ಒಂದ” ಎಂದು ಜಾರಿಕೊಳ್ಳುವವನು ಜಗಳ ತಪ್ಪಿಸಿಕೊಂಡಂತೆ ಕಾಣುತ್ತಾನೆ. ಹಸಿದು ಬಂದವನನ್ನು ನೀರು ಕುಡಿಸಿ ಕಳಿಸಿದ್ದಾನೆ ಅಷ್ಟೆ. ನಿಜ ಕೇಳಿದವನಿಗೆ ನಿಜ ಹೇಳುವುದೇ ಗೌರವ.

ಈ ಸೀಮೆಗೆ ಹತ್ತಿರದ ಒಂದು ದೊಡ್ಡ ಉದಾಹರಣೆಯಿದೆ. ಮರಾಠಿಯ ಕವಿ ನಾರಾಯಣ ವಾಮನ ಟಿಳಕರು 1861ರಲ್ಲಿ ರತ್ನಾಗಿರಿ ಜಿಲ್ಲೆಯ ಚಿತ್ಪಾವನ ಮನೆತನದಲ್ಲಿ ಹುಟ್ಟಿದವರು. 1893ರಲ್ಲಿ ನಾಗಪುರದಿಂದ ರಾಜನಾಂದಗಾಂವಕ್ಕೆ ರೈಲಿನಲ್ಲಿ ಹೊರಟಿದ್ದಾಗ ಅದೇ ಡಬ್ಬಿಯಲ್ಲಿ ವಿದೇಶಿಯೊಬ್ಬ ಇದ್ದ. ಸೌಜನ್ಯದಿಂದ ಜಾಗ ಮಾಡಿಕೊಟ್ಟ, ಮಾತು ಸಂಸ್ಕೃತ ಕಾವ್ಯದ ಕಡೆ ಹೊರಳಿತು. ಟಿಳಕರಿಗೆ ಪ್ರಿಯವಾದ ವಿಷಯದ ಮೇಲೆ ಸಾಕಷ್ಟು ಹೊತ್ತು ಮಾತಾಡಿದ ಮೇಲೆಯೇ ಆತ ಕ್ರಿಸ್ತನ ವಿಷಯ ತೆಗೆದ. ಇಳಿಯುವಾಗ ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟು ಓದಿ ಎಂದು ಕೇಳಿಕೊಂಡ. ಟಿಳಕರಿಗೆ ಆ ಪುಸ್ತಕದ ಮೇಲೆ ಮೊದಲು ಮನಸ್ಸಿರಲಿಲ್ಲ, ಕೊಟ್ಟ ಮಾತಿಗಾಗಿ ಓದತೊಡಗಿದರು. ಮತ್ತಾಯನ ಸುವಾರ್ತೆಯ ಪರ್ವತಪ್ರಸಂಗಕ್ಕೆ ಬಂದಾಗ ಪುಸ್ತಕ ಕೆಳಗಿಡಲಾಗಲಿಲ್ಲ. 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಕೊನೆಗೆ ಅಭಂಗ, ಕೀರ್ತನೆಗಳ ದಾರಿಯಲ್ಲೇ ಕ್ರಿಸ್ತನನ್ನು ಹಾಡಿದರು.

ಆ ಪ್ರಯಾಣಿಕ ರೈಲಿನಲ್ಲಿ ಯಾವ ವಾದವನ್ನೂ ಗೆಲ್ಲಲಿಲ್ಲ. ಎದುರಿನವನು ಕವಿ ಎಂದು ಗುರುತಿಸಿದ, ಕವಿಗೆ ರುಚಿಸುವುದನ್ನು ಮಾತಾಡಿದ, ಉಳಿದದ್ದನ್ನು ಗ್ರಂಥಕ್ಕೂ ದೇವರಿಗೂ ಬಿಟ್ಟು ಇಳಿದುಹೋದ.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ರೈಲಿನ ಕಥೆಗಿಂತ ಮನೆಯ ಕಥೆ. ಟಿಳಕರ ಹೆಂಡತಿ ಲಕ್ಷ್ಮೀಬಾಯಿಗೆ ಗಂಡನ ದೀಕ್ಷೆ ಸಿಡಿಲಿನಂತೆ ಬಂತು. ವರ್ಷಗಟ್ಟಲೆ ಬಂಧುಗಳ ಆಶ್ರಯದಲ್ಲಿ ಬೇರೆಯಾಗಿದ್ದರು. ಆಮೇಲೆ ಅಹಮದನಗರಕ್ಕೆ ಬಂದಾಗಲೂ ಅವರ ಮಡಿ ಅವರಿಗೆ, ಅವರ ಅಡಿಗೆ ಅವರಿಗೆ. ಟಿಳಕರು ಆ ಒಲೆಯ ಮೇಲೆ ಕೈಹಾಕಲಿಲ್ಲ. ಜಾತಿ ಎಂಬುದು ಮನುಷ್ಯರು ಕಟ್ಟಿದ್ದು ಎಂಬ ಅರಿವು ಲಕ್ಷ್ಮೀಬಾಯಿಗೆ ತಮ್ಮೊಳಗಿಂದಲೇ ಹುಟ್ಟಿತು, ಬೇರೆಯವರು ಮುಟ್ಟಿದ ನೀರನ್ನು ತಾವಾಗಿಯೇ ಕುಡಿದರು, 1900ರಲ್ಲಿ ತಾವಾಗಿಯೇ ದೀಕ್ಷೆಗೆ ಬಂದರು. ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದಾದ ‘ಸ್ಮೃತಿಚಿತ್ರೆ’ಯಲ್ಲಿ ಇದನ್ನೆಲ್ಲ ಅವರೇ ಬರೆದಿದ್ದಾರೆ. ಗಾದೆಯ ಎರಡೂ ಅರ್ಧಗಳು, ಊಟವೂ ಮಾತೂ, ಒಂದೇ ಮನೆಯಲ್ಲಿ ಪರೀಕ್ಷೆಗೆ ಒಳಗಾದದ್ದು ಹೀಗೆ. ನಂಬಿಕೆ ಬದಲಿಸಿದ ಗಂಡ ಹೆಂಡತಿಯ ಒಲೆಗೆ ಗೌರವ ಕೊಡದೆ ಇದ್ದಿದ್ದರೆ ಆ ಪುಸ್ತಕವೂ ಇರುತ್ತಿರಲಿಲ್ಲ, ಆ ಸಾಕ್ಷಿಯೂ ಇರುತ್ತಿರಲಿಲ್ಲ ಎಂದು ನಂಬುತ್ತೇನೆ.

ಕನ್ನಡದ ಕಡೆಗೆ ಬಂದರೆ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದವರು, 1894ರಲ್ಲಿ ನಿಘಂಟು ಕೊಟ್ಟವರು. ಆ ನಿಘಂಟಿನಲ್ಲಿ ಪದಗಳಿಗೆ ಪ್ರಯೋಗವಾಗಿ ನೂರಾರು ಗಾದೆಗಳಿವೆ. ಜನ ಕಟ್ಟೆಯ ಮೇಲೆ, ಕಣದಲ್ಲಿ ಆಡುವ ಮಾತನ್ನು ಕಿವಿಗೊಟ್ಟು ಕೇಳದವನ ಕೈಗೆ ಗಾದೆ ಸಿಗುವುದಿಲ್ಲ. ಸಾರಲು ಬಂದವನು ಇಷ್ಟು ಕಾಲ ಕೇಳುತ್ತ ಕೂತ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಕಟ್ಟೆಯ ಪ್ರಶ್ನೆಗಳಿಗೆ ಬರೋಣ. ರೊಕ್ಕದ ಪ್ರಶ್ನೆಗೆ ಸಿಟ್ಟು ಬರುವುದು ಸಹಜ, ಆದರೆ ಸಿಟ್ಟಾಗಬಾರದು. ಕೇಳುವವನ ಕಣ್ಣಿಗೆ ಬಿದ್ದಿರುವ ಕಥೆಗಳು ಅಂಥವು. “ಯಾರೂ ಕೊಟ್ಟಿಲ್ಲ ಕಾಕಾ. ಕೊಡ್ತೀನಿ ಅಂತ ಯಾರರ ಬಂದ್ರ ನಾನ ಬ್ಯಾಡ ಅಂತೀನಿ” ಎಂದರೆ ಸಾಕು. ಹಾಗೆ ಹೇಳುವವನು ಹಾಗೆಯೇ ನಡೆಯಬೇಕು, ಅದು ಬೇರೆ ಮಾತು.

ಎಲ್ಲಾ ದೇವರೂ ಒಂದೇ ಎಂಬ ಮಾತಿಗೆ ಹೆಚ್ಚು ತಾಳ್ಮೆ ಬೇಕು. ಅದನ್ನು ಹೇಳುವವನು ಹೆಚ್ಚಿನ ಸಲ ವಾದಕ್ಕೆ ಕರೆಯುತ್ತಿಲ್ಲ, ನೀನು ನಮ್ಮವನಾಗಿಯೇ ಇರು ಎನ್ನುತ್ತಿದ್ದಾನೆ. ಆ ಪ್ರೀತಿಗೆ ಮೊದಲು ಉತ್ತರ ಕೊಡಬೇಕು: “ನಾ ಎಲ್ಲಿ ಹೋಗೀನಿ ಮಾಮಾ? ಇಲ್ಲೇ ಅದೀನಿ.” ಆಮೇಲೆ ನಿಜವನ್ನು ಹೇಳಬೇಕು. ದೇವರು ಒಬ್ಬನೇ ಎಂಬುದನ್ನು ನಾನೂ ನಂಬುತ್ತೇನೆ. ಆ ಒಬ್ಬನು ಮನುಷ್ಯನಾಗಿ ಬಂದು, ನಮ್ಮ ತಪ್ಪುಗಳ ಭಾರ ಹೊತ್ತು, ಶಿಲುಬೆಯ ಮೇಲೆ ಸತ್ತು ಎದ್ದ ಎಂಬುದನ್ನು ಯೇಸುವಿನಲ್ಲಿ ಕಂಡೆ. ಅದಕ್ಕೇ ಅವನನ್ನು ಬಿಡಲಾರೆ. ಇಷ್ಟೇ. “ದೇವರು ಸಾಯ್ತಾನೇನು?” ಎಂದು ಆತ ಮರುಪ್ರಶ್ನೆ ಹಾಕಿದರೆ ಒಳ್ಳೆಯದೇ. ಅದು ಕ್ರೈಸ್ತ ವಿಶ್ವಾಸದ ನಡುಮನೆಯ ಪ್ರಶ್ನೆ. ಅದಕ್ಕೆ ತಪ್ಪಿಸಿಕೊಳ್ಳದೆ ಉತ್ತರ ಹೇಳುವಷ್ಟು ನಾವು ಸುವಾರ್ತೆಗಳನ್ನು ಓದಿರಬೇಕು. ಸಿದ್ಧರಾಗಿರಿ ಎಂದು ಪೇತ್ರ ಹೇಳಿದ್ದು ಈ ಓದಿಗೇ. ಮೊಬೈಲಿನಲ್ಲಿ ವಾದದ ತುಣುಕು ನೋಡಿ ಎದುರಿನವನ ಬಾಯಿ ಮುಚ್ಚಿಸುವ ಪಟ್ಟು ಕಲಿಯುವುದು ಸಿದ್ಧತೆಯಲ್ಲ.

ಹಳ್ಳಿಯಲ್ಲಿ ಹೆಚ್ಚು ಕೇಳಿಬರುವ ಸಾಕ್ಷಿ ವಾಸಿಯಾದದ್ದರ ಕಥೆ. ಪ್ರಾರ್ಥಿಸಿದೆವು, ಜ್ವರ ಬಿಟ್ಟಿತು. ದೇವರು ವಾಸಿಮಾಡುತ್ತಾನೆಂದು ನಾನು ನಂಬುತ್ತೇನೆ. ಆದರೆ ಪ್ರಾರ್ಥಿಸಿಯೂ ತೀರಿಹೋದವರ ವಿಷಯವನ್ನೂ ಅದೇ ಬಾಯಿಂದ ಹೇಳದಿದ್ದರೆ ಅದು ಅರ್ಧ ಸತ್ಯ. ಕ್ರೈಸ್ತನ ನಿರೀಕ್ಷೆ ಮಣ್ಣಿಗಿಟ್ಟ ಮೇಲೂ ಉಳಿಯುವಂಥದ್ದು. ಹರಕೆಯ ಲೆಕ್ಕದಂತೆ ಅದನ್ನು ಒಪ್ಪಿಸಿದರೆ ನಾವೇ ಅದನ್ನು ಕಿರಿದು ಮಾಡಿದಂತೆ. ಔಷಧ ಬಿಡು ಎಂದು ಹೇಳುವುದಂತೂ ಅಪರಾಧ. ಇದೇ ಜಿಲ್ಲೆಯ ಮಿರಜಿನಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ ಡಾ. ವಿಲಿಯಂ ವಾನ್‌ಲೆಸ್ ಪ್ರಾರ್ಥನೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಒಂದಕ್ಕೊಂದು ಎದುರು ನಿಲ್ಲಿಸಿದವರಲ್ಲ. ಗಡಿಯ ಎರಡೂ ಕಡೆಯ ಜನ ಆ ಆಸ್ಪತ್ರೆಗೆ ಹೋದರು. ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ನಿಂತವರನ್ನು ಯಾಕೆ ಇಷ್ಟು ಮಾಡುತ್ತೀರಿ ಎಂದು ರೋಗಿಯೇ ಕೇಳಿದರೆ, ಆ ಪ್ರಶ್ನೆಗಿಂತ ಒಳ್ಳೆಯ ಆರಂಭ ಯಾವುದಿದೆ?

ಇನ್ನೊಂದು ಮಾತು ಕಾನೂನಿನದು, ಇತ್ತೀಚೆಗೆ ಇದರ ಭಯ ಹೆಚ್ಚಾಗಿರುವುದರಿಂದ. ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಪ್ರಚಾರದ ಹಕ್ಕನ್ನು ಕೆಲವರು ವಿರೋಧಿಸಿದರು. ಆಗ ಅದನ್ನು ಬೆಂಬಲಿಸಿ ನಿಂತವರಲ್ಲಿ ಹಿಂದೂಗಳೇ ಆದ ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಇದ್ದರು. ತಾನು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತನ್ನನ್ನು ಮತಾಂತರಿಸಲು ಯಾರೂ ಪ್ರಯತ್ನಿಸಲಿಲ್ಲ ಎಂದು ಕೃಷ್ಣಮಾಚಾರಿ ಸಭೆಗೆ ಹೇಳಿದರು. ಅವರಿಗೆ ಪಾಠ ಹೇಳಿದ ಆ ಮೇಷ್ಟ್ರುಗಳ ಸಾಕ್ಷಿ ಹೀಗೆ ಫಲ ಕೊಟ್ಟಿತು: ಕ್ರೈಸ್ತನಾಗದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕ್ರೈಸ್ತರ ಹಕ್ಕಿನ ಪರ ಮಾತಾಡಿದ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಧರ್ಮದ ತತ್ತ್ವಗಳನ್ನು ವಿವರಿಸಿ ಹೇಳುವ ಹಕ್ಕುಂಟು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ಒಪ್ಪದ ಕಾನೂನು ಪಂಡಿತರಿದ್ದಾರೆ. ನನ್ನ ಮಟ್ಟಿಗೆ, ಮನಸ್ಸು ತಿರುಗಿಸುವುದು ಪವಿತ್ರಾತ್ಮನ ಕೆಲಸ ಎಂದು ಕ್ರೈಸ್ತ ಸಭೆಯೇ ಕಲಿಸಿರುವಾಗ, ನೆರೆಯವನ ಮನಸ್ಸಿನ ಮೇಲೆ ನನಗೆ ಯಾವ ಹಕ್ಕೂ ಬೇಕಿಲ್ಲ. ಅವನು ಕೇಳಿದಾಗ ಉತ್ತರ ಹೇಳುವ ಹಕ್ಕು ಬೇಕು.

ಕೇಳಿ ಆದ ಮೇಲೆ ಆತ, “ಆತು ತಮ್ಮಾ, ನಿಂದು ನಿನಗ, ನಂದು ನನಗ” ಎನ್ನಬಹುದು. ಬಹಳ ಸಲ ಹಾಗೆಯೇ ಆಗುತ್ತದೆ. ಮಾತು ಬಲ್ಲವನು ಅಲ್ಲಿಗೆ ನಿಲ್ಲಿಸುತ್ತಾನೆ. ಮರುವಾರ ಆತನ ಹೊಲದಲ್ಲಿ ಜೋಳ ಕೊಯ್ಲಿದ್ದರೆ ಮುಯ್ಯಾಳಾಗಿ ಹೋಗುತ್ತಾನೆ. ಗುಡ್ಡಾಪುರಕ್ಕೆ ನಡೆದು ಹೊರಟ ಆ ಮನೆಯ ಅವ್ವನಿಗೆ ದಾರಿಗೆ ನೀರಿನ ಬಾಟಲಿ ತುಂಬಿಕೊಡುತ್ತಾನೆ. ಪ್ರಸಾದ ತಂದುಕೊಟ್ಟರೆ, ತನ್ನ ಮನಸ್ಸಾಕ್ಷಿ ಒಪ್ಪದಿದ್ದರೆ, “ತಪ್ಪು ತಿಳೀಬ್ಯಾಡವ್ವಾ, ಇದೊಂದು ನಾ ತಗೊಳ್ಳಂಗಿಲ್ಲ, ಆದ್ರ ನಿಮ್ಮ ಮನೀ ರೊಟ್ಟಿ ಹಾಕು, ಉಂಡ ಹೋಗ್ತೀನಿ” ಎಂದು ಜಗಲಿಯ ಮೇಲೆ ಕೂರುತ್ತಾನೆ.