ಮಠ ಬಂತು, ನಾಡು ಬರಲಿಲ್ಲ

ನೆಲ ಕಳೆದುಕೊಂಡ ಧರ್ಮವು ಬೇರೊಂದು ನೆಲದಲ್ಲಿ ಅದೇ ಧರ್ಮವಾಗಿ ಉಳಿಯುತ್ತದೆಯೇ, ಅಥವಾ ಆಶ್ರಯ ಕೊಟ್ಟ ಸಮಾಜವೂ ಪ್ರಭುತ್ವವೂ ಸೇರಿ ಅದನ್ನು ಮತ್ತೊಂದಾಗಿಸುತ್ತವೆಯೇ ಎಂಬ ಪ್ರಶ್ನೆಯನ್ನು ಕರ್ನಾಟಕದ ಟಿಬೆಟನ್ ವಸಾಹತುಗಳಷ್ಟು ನೇರವಾಗಿ ಮುಂದಿಡುವ ನಿದರ್ಶನಗಳು ವಿರಳ. 1959ರಲ್ಲಿ ಹದಿನಾಲ್ಕನೆಯ ದಲೈ ಲಾಮಾ ಲ್ಹಾಸಾ ತೊರೆದು ಭಾರತಕ್ಕೆ ಬಂದ ಬಳಿಕ, ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಅವರ ಜನರಿಗೆ ಭೂಮಿ ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಸೀಮೆಗಳಲ್ಲೂ ವಸಾಹತುಗಳು ಎದ್ದವು. ಲ್ಹಾಸಾದ ಆಸುಪಾಸಿನ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲುಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ ಮರುಹುಟ್ಟು ಪಡೆದವು.

ಈ ಪರಂಪರೆ ಹೇಗೆ ಉಸಿರಾಡುತ್ತಿದೆ ಎಂಬುದನ್ನು ವಿಹಾರದ ತರ್ಕಾಂಗಣದಲ್ಲೇ ನೋಡಬೇಕು. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಜಪಮಾಲೆಯನ್ನು ತೋಳಿಗೇರಿಸಿ, ಎಡಗಾಲನ್ನು ಅಪ್ಪಳಿಸುತ್ತ ಅಂಗೈಗಳನ್ನು ಚಟ್ಟನೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನಿಗೆ ಭಾಷಣದ ಅವಕಾಶವಿಲ್ಲ. ಒಪ್ಪಿದೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ ಎಂಬಂಥ ಕೆಲವೇ ನಿಗದಿತ ಉತ್ತರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವ್ಯಾಪ್ತಿ ಎಂದರೆ, ಹೇತುವಾಗಿ ಒಡ್ಡಿದ ಸಂಗತಿ ಇದ್ದಲ್ಲೆಲ್ಲ ಸಾಧಿಸಬೇಕಾದ ಸಂಗತಿಯೂ ತಪ್ಪದೆ ಇರುತ್ತದೆ ಎಂಬ ನಿಯಮ. ಇದು ದಿಙ್ನಾಗ, ಧರ್ಮಕೀರ್ತಿಯರ ಭಾರತೀಯ ಬೌದ್ಧ ತರ್ಕಶಾಸ್ತ್ರದ ಪರಿಭಾಷೆ. ಕನ್ನಡನಾಡಿನ ಜೈನ ಪರಂಪರೆ ತನ್ನ ಮಹಾತಾರ್ಕಿಕನೆಂದು ಗೌರವಿಸುವ ಅಕಲಂಕನು ಖಂಡಿಸಿದ್ದು ಇದೇ ಧರ್ಮಕೀರ್ತಿಯನ್ನು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನವು ಬೌದ್ಧರ ಮೇಲಿನ ಅವನ ವಾದವಿಜಯವನ್ನು ಕೊಂಡಾಡುತ್ತದೆ. ಶಾಸನದಲ್ಲಿ ಸೋತ ಪಕ್ಷವು ಹಿಮಾಲಯ ದಾಟಿ, ಟಿಬೆಟನ್ ನುಡಿ ಕಲಿತು, ಶತಮಾನಗಳ ಬಳಿಕ ಅದೇ ನಾಡಿಗೆ ನಿರಾಶ್ರಿತನಾಗಿ ಮರಳಿದ್ದು ಇತಿಹಾಸದ ಚೋದ್ಯವೇ ಸರಿ.

ಹಾಗೆಂದ ಮಾತ್ರಕ್ಕೆ, ಬುದ್ಧನ ನಾಡಿಗೆ ಬುದ್ಧನ ಮಕ್ಕಳು ಬಂದರು ಎಂಬ ವೇದಿಕೆಯ ಮಾತು ಅತಿಥಿ-ಆತಿಥೇಯರ ನಂಟನ್ನು ವಿವರಿಸಲಾರದು. ಸುತ್ತಲಿನ ಹಳ್ಳಿಗರಿಗೆ ವಸಾಹತು ಬೌದ್ಧ ಕ್ಷೇತ್ರವಾಗುವ ಮೊದಲೇ ‘ಕ್ಯಾಂಪ್’ ಆಗಿತ್ತು; ಮುಸುಕಿನ ಜೋಳದ ಹೊಲದ ಕೂಲಿ, ಅಂಗಡಿಯ ವಹಿವಾಟು, ಚಳಿಗಾಲದ ಸ್ವೆಟರ್ ವ್ಯಾಪಾರ, ಆಗೀಗ ಭೂಮಿಯ ಕುರಿತ ಅಸಮಾಧಾನ, ಇವುಗಳಲ್ಲಿ ನಂಟು ಬೆಳೆಯಿತು. ಸಮಾನ ಧರ್ಮವಿಲ್ಲದೆಯೂ ಸಹಬಾಳ್ವೆ ಸಾಧ್ಯವಾದದ್ದೇ ಇಲ್ಲಿಯ ಹೆಚ್ಚುಗಾರಿಕೆ, ಪುರಾತನ ಬಾಂಧವ್ಯದ ಕಥೆಯಲ್ಲ.

ಧರ್ಮವೂ ಬಂದಂತೆಯೇ ಉಳಿದಿಲ್ಲ. ದೀರ್ಘ ಅಧ್ಯಯನದ ಕೊನೆಗೆ ಸಲ್ಲುವ ಗೆಶೆ ಪದವಿಯು ಹಳೆಯ ಟಿಬೆಟ್‌ನಲ್ಲಿ ಭಿಕ್ಷುಗಳಿಗಷ್ಟೇ ಮೀಸಲಾಗಿತ್ತು. 2016ರ ಡಿಸೆಂಬರ್‌ನಲ್ಲಿ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ 20 ಸನ್ಯಾಸಿನಿಯರು ಅದರ ಸ್ತ್ರೀರೂಪವಾದ ಗೆಶೆಮಾ ಪದವಿ ಪಡೆದರು. ಇತ್ತ 1642ರಿಂದ ದಲೈ ಲಾಮಾ ಪೀಠಕ್ಕೆ ಅಂಟಿಕೊಂಡಿದ್ದ ರಾಜ್ಯಾಧಿಕಾರವನ್ನು ಹದಿನಾಲ್ಕನೆಯವರು 2011ರಲ್ಲಿ ಚುನಾಯಿತ ನಾಯಕತ್ವಕ್ಕೆ ಒಪ್ಪಿಸಿದರು. ಧರ್ಮ, ರಾಜ್ಯಾಧಿಕಾರ ಎರಡನ್ನೂ ಬಿಡದೆ ಹಿಡಿದಿರುವುದು ಬೀಜಿಂಗ್: ನಾಸ್ತಿಕವೆಂದು ಸಾರಿಕೊಳ್ಳುವ ಪಕ್ಷದ ಸರ್ಕಾರವು ಲಾಮಾಗಳ ಪುನರ್ಜನ್ಮಕ್ಕೆ ತನ್ನ ಅನುಮತಿ ಬೇಕೆಂದು 2007ರಲ್ಲಿ ನಿಯಮ ಹೊರಡಿಸಿತು.

ಇಂದು ಟಿಬೆಟ್‌ನಿಂದ ಹೊಸಬರ ಬರವು ಕ್ಷೀಣಿಸಿ, ಲಡಾಖ್, ನೇಪಾಳ, ಭೂತಾನ್, ಅರುಣಾಚಲಗಳ ಹುಡುಗರು ಈ ವಿಹಾರಗಳ ಪಾಠಸಾಲುಗಳಲ್ಲಿ ಕುಳಿತಿದ್ದಾರೆ. ನಾಡನ್ನು ಉಳಿಸಿಕೊಳ್ಳಲೆಂದು ಕಟ್ಟಿದ ಮಠ ನಾಡಿನ ಗಡಿಯನ್ನು ಮೀರಿತು. ಕಾನೂನು ಮಾತ್ರ ಗಡಿಯನ್ನೇ ಕೇಳುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯ ಪ್ರಜೆಗಳೆಂಬ ನಿಲುವನ್ನು ದೆಹಲಿ ಹೈಕೋರ್ಟಿನ ಬಳಿಕ 2013ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ 2017ರಲ್ಲಿ ಅಂಥವರು ಪಾಸ್‌ಪೋರ್ಟ್ ಪಡೆಯಲು ನಿರಾಶ್ರಿತರ ನೋಂದಣಿ ಪತ್ರವನ್ನು ಹಿಂದಿರುಗಿಸಬೇಕು, ವಸಾಹತಿನಲ್ಲಿ ವಾಸಿಸಬಾರದು ಎಂಬ ಷರತ್ತುಗಳು ಬಂದವು. ಲಡಾಖಿನ ಸನ್ಯಾಸಿ ಭಾರತೀಯನಾಗಿಯೇ ಅಲ್ಲಿ ತರ್ಕ ಕಲಿಯಬಹುದು. ಅಲ್ಲೇ ಹುಟ್ಟಿದ ಟಿಬೆಟನ್ನನಿಗೆ ಆಗ ಎದುರಾದದ್ದು ಪೌರತ್ವ ಮತ್ತು ಮನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟು.