*ಇಂದಿನ ಧಮ್ಮ ಚಿಂತನೆ: ಬಾಣ ಬಿಟ್ಟವರು ಯಾರು?*





ಕಳೆದ ಭಾನುವಾರ ವಂದನೆ ಮುಗಿಸಿ ಮನೆಗೆ ಬಂದೆ. ಹಾಲ್‌ನಲ್ಲಿ ನನ್ನ ಮಗಳು ಮತ್ತು ಅವಳ ಮೂವರು ಗೆಳೆಯರು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಯಾವುದೋ ಇಂಗ್ಲಿಷ್ ಸೀರಿಯಲ್ ಆಗಷ್ಟೇ ಮುಗಿದಿತ್ತು. ಆದರೆ ಯಾರೂ ಏಳಲಿಲ್ಲ. ಜೋರಾಗಿ ವಾದ ಶುರುವಾಯಿತು. ನಾನು ಊಟದ ತಟ್ಟೆ ಹಿಡಿದು ಅವರ ಪಕ್ಕದಲ್ಲೇ ಕೂತೆ. ರಾತ್ರಿ ಹನ್ನೊಂದಾದರೂ ವಾದ ನಿಲ್ಲಲಿಲ್ಲ. ಆ ರಾತ್ರಿ ನನಗೆ ಹೊಳೆದ ಮಾತನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಸೀರಿಯಲ್ ಹೆಸರು ‘ಟ್ವಿನ್ ಪೀಕ್ಸ್’. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಎಂಬ ಇಬ್ಬರು ಮಾಡಿದ್ದು. 1990ರ ಏಪ್ರಿಲ್‌ನಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾಯಿತು. ಒಂದು ಸಣ್ಣ ಊರು, ಸುತ್ತ ಕಾಡು. ಹೊಳೆಯ ದಡದಲ್ಲಿ ಲಾರಾ ಪಾಮರ್ ಎಂಬ ಹುಡುಗಿಯ ಶವ ಸಿಗುತ್ತದೆ, ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದು. ಇನ್ನೂ ಶಾಲೆ ಮುಗಿಸದ ಮಗು. ಯಾರು ಕೊಂದರು? ಅಮೆರಿಕದ ಜನ ತಿಂಗಳುಗಟ್ಟಲೆ ಈ ಒಂದೇ ಪ್ರಶ್ನೆ ಕೇಳಿದರಂತೆ. ಆಮೇಲೆ 25 ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2017ರಲ್ಲಿ, ಅದೇ ಕಥೆ 18 ಭಾಗಗಳಲ್ಲಿ ಮತ್ತೆ ಬಂತು. ಮಕ್ಕಳು ಅಂದು ನೋಡಿದ್ದು ಅದರ ಎಂಟನೇ ಭಾಗ.

ನಾನು ಆ ಭಾಗವನ್ನು ಮರುದಿನ ನೋಡಿದೆ. ಹೇಳುತ್ತೇನೆ ಕೇಳಿ. ಹೆಚ್ಚಿನ ಭಾಗ ಕಪ್ಪು ಬಿಳುಪು, ಮಾತು ಬಹಳ ಕಡಿಮೆ. 1945ರ ಜುಲೈ 16, ಬೆಳಗ್ಗೆ 5:29. ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಸಿಡಿಯುತ್ತದೆ. ಕ್ಯಾಮೆರಾ ನಿಧಾನವಾಗಿ ಆ ಹೊಗೆಯ ಕೊಡೆಯ ಒಳಗೇ ಹೋಗುತ್ತದೆ. ಹಿಂದೆ ಚೀರಾಟದಂಥ ಸಂಗೀತ. ಅದು ಪೆಂಡೆರೆಟ್ಸ್ಕಿ ಎಂಬ ಪೋಲೆಂಡಿನ ಸಂಗೀತಗಾರ ಹಿರೋಶಿಮಾದಲ್ಲಿ ಸತ್ತವರಿಗೆ ಅರ್ಪಿಸಿದ ರಚನೆ. ಆ ಬೆಂಕಿಯ ನಂತರ ಒಂದು ವಿಚಿತ್ರ ಆಕೃತಿ ಬಾಯಿಂದ ಮೊಟ್ಟೆಗಳ ಹೊಳೆಯನ್ನೇ ಕಾರುತ್ತದೆ. ಅದರಲ್ಲಿ ‘ಬಾಬ್’ ಎಂಬ ದುಷ್ಟಶಕ್ತಿಯ ಮುಖ. ಬೇರೆಲ್ಲೋ ಒಂದು ಅರಮನೆಯಲ್ಲಿ ಎತ್ತರದ ಮನುಷ್ಯನೊಬ್ಬ ಇದನ್ನು ನೋಡುತ್ತಾನೆ. ಅವನಿಂದ ಚಿನ್ನದ ಗೋಳವೊಂದು ಹುಟ್ಟುತ್ತದೆ, ಅದರೊಳಗೆ ಲಾರಾಳ ಮುಖ. ಅದು ಭೂಮಿಗೆ ಹೊರಡುತ್ತದೆ. ಆಮೇಲೆ 1956ರ ಆಗಸ್ಟ್ 5. ಮರುಭೂಮಿಯಲ್ಲಿ ಒಂದು ಮೊಟ್ಟೆ ಒಡೆದು, ಅರ್ಧ ಕಪ್ಪೆ ಅರ್ಧ ಪತಂಗದಂಥ ಜೀವಿ ಹೊರಬರುತ್ತದೆ. ಮೈಯೆಲ್ಲ ಮಸಿ ಬಳಿದವನೊಬ್ಬ ಸಿಗರೇಟಿಗೆ ಬೆಂಕಿ ಕೇಳುತ್ತ ಬಂದು, ರೇಡಿಯೊ ಸ್ಟೇಷನ್‌ಗೆ ನುಗ್ಗಿ, ಮೈಕ್‌ನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಕೇಳಿದವರೆಲ್ಲ ಎಚ್ಚರ ತಪ್ಪಿ ಬೀಳುತ್ತಾರೆ. ನಿದ್ದೆ ಹೋದ ಒಬ್ಬ ಹುಡುಗಿಯ ಬಾಯೊಳಗೆ ಆ ಜೀವಿ ತೆವಳಿಕೊಂಡು ಹೋಗುತ್ತದೆ. ಅಷ್ಟೇ.

ಈಗ ಮಕ್ಕಳ ಥಿಯರಿಗಳು. ಒಬ್ಬನ ಪ್ರಕಾರ ಕೆಡುಕು ಹುಟ್ಟಿದ್ದೇ ಆ ಬಾಂಬಿನಿಂದ. ಇನ್ನೊಬ್ಬಳು, ಇಲ್ಲ, ಕೆಡುಕು ಮೊದಲೇ ಇತ್ತು, ಬಾಂಬ್ ಬಾಗಿಲು ತೆರೆಯಿತು ಅಷ್ಟೇ ಅಂದಳು. ಆ ಹುಡುಗಿ ಲಾರಾಳ ತಾಯಿ ಸಾರಾಳೇ ಎಂದು ನನ್ನ ಮಗಳು ಹಟ ಹಿಡಿದಳು. ಮತ್ತೊಬ್ಬ ಎಲ್ಲವೂ ಕನಸು ಅಂದುಬಿಟ್ಟ. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಕೃತಿಗಳ ಅರ್ಥ ಬಿಡಿಸಿ ಹೇಳಲು ಅವರು ಒಪ್ಪುತ್ತಿರಲಿಲ್ಲ. ಹಾಗಾಗಿ ಈ ವಾದ ಈಗಲೂ ಮುಗಿದಿಲ್ಲ.

ಕೊನೆಗೆ ಒಬ್ಬ ನನ್ನ ಕಡೆ ತಿರುಗಿದ. “ಅಂಕಲ್, ಇದರಲ್ಲಿರೋ ಡಿಟೆಕ್ಟಿವ್‌ಗೆ ಟಿಬೆಟ್ ಅಂದ್ರೆ ಪ್ರಾಣ. ಕನಸಲ್ಲಿ ಹೊಳೀತು ಅಂತ, ಒಬ್ಬೊಬ್ಬರ ಹೆಸರು ಹೇಳಿ ಬಾಟಲಿಗೆ ಕಲ್ಲು ಹೊಡೆದು ಅಪರಾಧಿಯನ್ನ ಹುಡುಕ್ತಾನೆ. ನಿಮ್ಮ ಬುದ್ಧ ಏನಂತಾರೆ? ಕೆಡುಕು ಎಲ್ಲಿಂದ ಬಂತು?”

ನಾನು ನಕ್ಕೆ. ಬುದ್ಧರು ಕನಸಿನಲ್ಲಿ ಹೊಳೆದದ್ದನ್ನು ಸಾಕ್ಷಿ ಅನ್ನಲಿಲ್ಲ ಅಂದೆ. ಆದರೆ ಪ್ರಶ್ನೆ ಕೇಳಬೇಡ ಅಂತಲೂ ಅನ್ನಲಿಲ್ಲ.

ಬಂಧುಗಳೇ, ಥಿಯರಿ ಕಟ್ಟುವುದು ತಪ್ಪಲ್ಲ. ನಮ್ಮ ಬಾಬಾಸಾಹೇಬರೂ ಅದನ್ನೇ ಮಾಡಿದರು. ಸಿದ್ಧಾರ್ಥರು ಮುದುಕ, ರೋಗಿ, ಶವ, ಸನ್ಯಾಸಿ ಇವರನ್ನು ನೋಡಿ ಮನೆ ಬಿಟ್ಟರು ಎಂಬ ಕಥೆಯನ್ನು ಎಲ್ಲರೂ ನಂಬಿದ್ದರು. 29 ವರ್ಷದ ಮನುಷ್ಯ ಅದುವರೆಗೆ ಒಬ್ಬ ಮುದುಕನನ್ನೂ ನೋಡಿರಲಿಲ್ಲವೇ ಎಂದು ಬಾಬಾಸಾಹೇಬರು ಕೇಳಿದರು. ಬುದ್ಧಿಗೆ ಒಪ್ಪಲಿಲ್ಲ, ಆ ಕಥೆಯನ್ನು ಬಿಟ್ಟರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳ, ಯುದ್ಧ ಬೇಡ ಎಂದ ಸಿದ್ಧಾರ್ಥ, ಆ ಕಾರಣವನ್ನು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಮುಂದಿಟ್ಟರು. ಬುದ್ಧವಚನ ಯಾವುದು ಎಂದು ಗುರುತಿಸಲು ಅವರು ಹೇಳಿದ ಅಳತೆಗೋಲು ನಿಮಗೆ ಗೊತ್ತಿದೆ: ಅದು ವಿವೇಕಕ್ಕೆ ಒಪ್ಪಬೇಕು, ಮನುಷ್ಯರ ಹಿತಕ್ಕೆ ಸಂಬಂಧಪಡಬೇಕು. ಎರಡನೆಯದನ್ನು ನಾವು ಬೇಗ ಮರೆಯುತ್ತೇವೆ.

ಕಾಲಾಮರಿಗೆ ಭಗವಾನರು ಹೇಳಿದ್ದೂ ಇದೇ. ಪರಂಪರೆ, ಗ್ರಂಥ, ಗುರು ಇಷ್ಟನ್ನು ಮಾತ್ರ ನಾವು ನೆನಪಿಡುತ್ತೇವೆ. ಬರೀ ತರ್ಕಕ್ಕೆ ಸರಿಹೊಂದುತ್ತದೆ ಎಂದೋ, ನಮ್ಮ ಊಹೆಗೆ ಹಿಡಿಸಿತು ಎಂದೋ ಒಪ್ಪಬೇಡಿ ಎಂಬುದೂ ಆ ಪಟ್ಟಿಯಲ್ಲಿದೆ. ಚೆನ್ನಾಗಿ ಹೆಣೆದ ಥಿಯರಿಯೂ ಸುಳ್ಳಾಗಬಹುದು.

ಈಗ ಮಾಲುಂಕ್ಯಪುತ್ತನ ಪ್ರಸಂಗಕ್ಕೆ ಬರೋಣ. ಲೋಕ ಶಾಶ್ವತವೇ, ಅದಕ್ಕೆ ಕೊನೆ ಇದೆಯೇ, ಉತ್ತರ ಸಿಗದಿದ್ದರೆ ಸಂಘ ಬಿಟ್ಟು ಹೋಗುತ್ತೇನೆ ಎಂದು ಆ ಭಿಕ್ಖು ಪಟ್ಟು ಹಿಡಿದ. ಭಗವಾನರು ವಿಷದ ಬಾಣ ನೆಟ್ಟ ಮನುಷ್ಯನ ಕಥೆ ಹೇಳಿದರು. ವೈದ್ಯ ಬಂದರೆ ಆ ಗಾಯಾಳು ಬಾಣ ಕೀಳಲು ಬಿಡುವುದಿಲ್ಲ. ಬಾಣ ಬಿಟ್ಟವನು ಯಾರೆಂದು ತಿಳಿಯಬೇಕು ಅನ್ನುತ್ತಾನೆ. ಅವನ ಮೊದಲ ಪ್ರಶ್ನೆ ಏನು ಗೊತ್ತೇ? ಅವನು ಕ್ಷತ್ರಿಯನೋ, ಬ್ರಾಹ್ಮಣನೋ, ವೈಶ್ಯನೋ, ಶೂದ್ರನೋ ಎಂಬುದು! ಸಾಯುವಾಗಲೂ ಮೊದಲು ಜಾತಿ. ಆಮೇಲೆ ಹೆಸರು, ಎತ್ತರ, ಬಣ್ಣ, ಬಿಲ್ಲಿನ ಜಾತಿ, ಗರಿ ಯಾವ ಹಕ್ಕಿಯದು. ಉತ್ತರ ಸಿಗುವ ಮೊದಲೇ ಅವನು ಸಾಯುತ್ತಾನೆ.

ಲಾರಾಳ ಕಥೆಯಲ್ಲೂ ಹಾಗೇ ಆಯಿತು ಎಂದು ನನಗೆ ಅನಿಸಿತು. ಕೊಂದವರು ಯಾರೆಂದು ಬೇಗ ಹೇಳಲು ಮಾಡಿದವರಿಗೆ ಇಷ್ಟವಿರಲಿಲ್ಲ. ಚಾನೆಲ್ ಒತ್ತಾಯ ಮಾಡಿತು. 1990ರ ನವೆಂಬರ್ 10ರಂದು ಉತ್ತರ ಬಂತು. ಕೊಂದವನು ಅವಳ ಹೆತ್ತ ತಂದೆ. ಅವನೇ ವರ್ಷಗಳಿಂದ ಅವಳನ್ನು ಹಿಂಸಿಸುತ್ತಿದ್ದವನು. ಒಗಟು ಬಿಡಿಸಿತು, ನೋಡುವವರು ಕಡಿಮೆಯಾದರು, 1991ರ ಜೂನ್‌ನಲ್ಲಿ ಸೀರಿಯಲ್ ನಿಂತಿತು. 1992ರಲ್ಲಿ ಲಿಂಚ್ ಆ ಹುಡುಗಿಯ ಕೊನೆಯ ದಿನಗಳ ಮೇಲೆ ಸಿನಿಮಾ ಮಾಡಿದರು. ಒಗಟು ಕಡಿಮೆ, ಅವಳ ದುಕ್ಖ ಹೆಚ್ಚು. ಅದು ಅಮೆರಿಕದಲ್ಲಿ ಓಡಲಿಲ್ಲ.

ಇನ್ನೂ ಒಂದು ಮಾತು. ತಂದೆಯ ಮೈಮೇಲೆ ಬಾಬ್ ಎಂಬ ಶಕ್ತಿ ಬಂದು ಮಾಡಿಸಿತು ಎಂದು ಕಥೆ ಹೇಳುತ್ತದೆ. ಆದರೆ ಆ ತಂದೆ ಸತ್ತ ಮೇಲೆ ಅಧಿಕಾರಿಗಳು ಕಾಡಿನಲ್ಲಿ ನಿಂತು ಮಾತಾಡುವಾಗ, ಬಾಬ್ ಅಂದರೆ ಮನುಷ್ಯರು ಮಾಡುವ ಕೆಡುಕೇ ಇರಬಹುದು ಎಂದು ಒಬ್ಬ ಹೇಳುತ್ತಾನೆ. ನನಗೆ ಅದು ಧಮ್ಮದ ಮಾತಿನಂತೆ ಕೇಳಿಸಿತು. ಬಾಂಬಿನ ವಿಷಯವೂ ಅಷ್ಟೇ. ಅದನ್ನು ಯಾವ ದೆವ್ವವೂ ಮಾಡಲಿಲ್ಲ. ಸಂಬಳ ತೆಗೆದುಕೊಳ್ಳುವ, ಮನೆಯಲ್ಲಿ ಮಕ್ಕಳಿರುವ ಮನುಷ್ಯರು ಮಾಡಿದರು. ಆ ಬೆಳಗ್ಗೆ ಸುತ್ತಲಿನ ಹಳ್ಳಿಯವರಿಗೆ ಮುನ್ಸೂಚನೆ ಇರಲಿಲ್ಲ. ಮದ್ದುಗುಂಡಿನ ಉಗ್ರಾಣ ಸಿಡಿದಿದೆ ಎಂದು ಅಧಿಕಾರಿಗಳು ಸುಳ್ಳು ಹೇಳಿದರು. ಮೂರು ವಾರದಲ್ಲಿ ಹಿರೋಶಿಮಾ, ಮೂರು ದಿನದ ನಂತರ ನಾಗಸಾಕಿ. ಲೋಭ, ದ್ವೇಷ, ಮೋಹ ಎಂದು ಭಗವಾನರು ಕೆಡುಕಿನ ಬೇರು ತೋರಿಸಿದ್ದಾರೆ. ಕಪ್ಪೆ-ಪತಂಗ ಹುಡುಕಬೇಕಿಲ್ಲ.

ಮಕ್ಕಳಿಗೆ ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಹದಿನೈದು ವರ್ಷದಿಂದ ಒಳಗಿಟ್ಟುಕೊಂಡಿದ್ದ ಮಾತೊಂದು ಹೊರಬಂತು.

ಆಗ ನಾವಿದ್ದ ಬೀದಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಊಟ ಬಿಟ್ಟಳು, ಶಾಲೆ ಬಿಟ್ಟಳು. ಬೀದಿಗೆ ಬೀದಿಯೇ ಥಿಯರಿ ಕಟ್ಟಿತು. ಗಾಳಿ ಸೋಕಿದೆ ಅಂದರು. ದೃಷ್ಟಿ ತಗುಲಿದೆ ಅಂದರು. ಯಾವನನ್ನೋ ಪ್ರೀತಿಸಿರಬೇಕು ಅಂದರು. ಓದಿದವನು ನಾನು, 22 ಪ್ರತಿಜ್ಞೆ ತೆಗೆದುಕೊಂಡವನು, ಗಾಳಿಗೀಳಿ ನಂಬುವುದಿಲ್ಲ. ಹಾಗಾಗಿ ನನ್ನದು ಬೇರೆ ಥಿಯರಿ: ರಕ್ತ ಕಡಿಮೆ ಇದೆ, ಪರೀಕ್ಷೆಯ ಭಯ. ಟೀ ಅಂಗಡಿಯಲ್ಲಿ ನಿಂತು ಅದನ್ನು ಚೆನ್ನಾಗಿ ವಿವರಿಸಿದೆ. ಆ ಮಗು ಭಾನುವಾರ ನನ್ನ ಹತ್ತಿರವೇ ಪಂಚಶೀಲ ಕಲಿಯಲು ಬರುತ್ತಿತ್ತು. ಒಂದು ದಿನವೂ ನಾನು ಅವಳ ಮನೆಗೆ ಹೋಗಿ ಕೂರಲಿಲ್ಲ.

ಹೋದವರು ಓದು ಬರಹ ಇಲ್ಲದ ಒಬ್ಬ ಅಜ್ಜಿ. ದಿನಾ ಸಂಜೆ ಹೋಗಿ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಏನೂ ಕೇಳಲಿಲ್ಲ. ಎರಡನೇ ವಾರ ಹುಡುಗಿ ತಾನೇ ಬಾಯಿ ಬಿಟ್ಟಳು. ಕೆಡುಕು ಮನೆಯೊಳಗೇ ಇತ್ತು, ಹತ್ತಿರದ ನೆಂಟ. ಅಜ್ಜಿ ಅವಳ ಕೈಹಿಡಿದು ತಾಯಿಯನ್ನೂ ಕರೆದುಕೊಂಡು ದೂರು ಕೊಡಲು ಹೊರಟರು. ನಾನು ಸೇರಿಕೊಂಡದ್ದು ಆಮೇಲೆ.

ಈಗ ಅವಳು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಸಿಕ್ಕಾಗ “ಜೈ ಭೀಮ್ ಸರ್” ಅನ್ನುತ್ತಾಳೆ. ನಾನೂ ಜೈ ಭೀಮ್ ಅನ್ನುತ್ತೇನೆ. ಅವಳ ಮುಖ ನೋಡುವುದು ನನಗೆ ಇವತ್ತಿಗೂ ಕಷ್ಟ.

ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳು, “ಅಪ್ಪಾ, ನಮಗೆ ಇದನ್ನ ಯಾವತ್ತೂ ಹೇಳಿರಲಿಲ್ಲ ನೀನು” ಅಂದಳು. ಹೇಳಬೇಕಿತ್ತು ಅಂದೆ.

ಮೂಢನಂಬಿಕೆ ಬಿಟ್ಟರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಬಾಣ ಕೀಳುವ ಕೆಲಸ ಬೇರೆಯೇ ಇದೆ. ಯಾರು ಬಿಟ್ಟರು ಎಂದು ಕೇಳಲೇಬೇಕು, ಕಾನೂನು ಕೇಳಲೇಬೇಕು, ಬಾಬಾಸಾಹೇಬರು ನಮಗೆ ಕಾನೂನು ಕೊಟ್ಟದ್ದು ಅದಕ್ಕೇ. ಆದರೆ ಗಾಯಗೊಂಡವರ ಪಕ್ಕದಲ್ಲಿ ಕೂತು ಕೇಳಬೇಕು. ಟೀ ಅಂಗಡಿಯಲ್ಲಿ ನಿಂತು ಅಲ್ಲ.

ಕೊನೆಗೊಂದು ಮಾತು. ಆ ಎಪಿಸೋಡ್‌ನಲ್ಲಿ 1956ರ ಒಂದು ರಾತ್ರಿ ರೇಡಿಯೊದಲ್ಲಿ ಒಂದು ದನಿ ಕೇಳಿ ಜನ ಎಚ್ಚರ ತಪ್ಪಿದರು. ಅದು ಕಥೆ. ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಇನ್ನೊಂದು ದನಿ ಕೇಳಿ ಲಕ್ಷಾಂತರ ಜನ ಎದ್ದು ನಿಂತು, ಪ್ರತಿಜ್ಞೆಗಳನ್ನು ತಮ್ಮ ಬಾಯಲ್ಲೇ ಹೇಳಿದರು. ಅದು ಇತಿಹಾಸ. ಇಸವಿ ಒಂದೇ ಆಗಿರುವುದು ಕಾಕತಾಳೀಯ, ದಯವಿಟ್ಟು ಇದರ ಮೇಲೆ ಯಾರೂ ಥಿಯರಿ ಕಟ್ಟಬೇಡಿ! ಎದ್ದವರ ಮಕ್ಕಳು ನಾವು, ಮತ್ತೆ ನಿದ್ದೆ ಹೋಗಬಾರದು ಎಂಬುದಷ್ಟೇ ನನ್ನ ಮಾತು.

*ಇಂದಿನ ಅಭ್ಯಾಸ*

1. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇತ್ತೀಚೆಗೆ ಮಾತು ಕಡಿಮೆ ಮಾಡಿದವರು ಯಾರು? ಒಬ್ಬರನ್ನು ನೆನಪಿಸಿಕೊಳ್ಳಿ.
2. ಅವರ ಬಗ್ಗೆ ಇನ್ನೊಬ್ಬರ ಹತ್ತಿರ ಇಂದು ಮಾತಾಡಬೇಡಿ. ಅವರ ಹತ್ತಿರವೇ ಹೋಗಿ ಹತ್ತು ನಿಮಿಷ ಕೂತುಕೊಳ್ಳಿ.
3. ಮಗುವಿಗೆ ತೊಂದರೆ ಇದೆ ಎಂದು ತಿಳಿದರೆ ತಡಮಾಡಬೇಡಿ. ಮಕ್ಕಳ ಸಹಾಯವಾಣಿ 1098. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ಎಲ್ಲ ಮಕ್ಕಳೂ ನಿರ್ಭಯವಾಗಿರಲಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.